‘ಸೆಡ್ ಮೀ’ ಅಲ್ಲ, ‘ಟೋಲ್ಡ್ ಮೀ’

‘ಹೀ ಸೆಡ್ ಮೀ’ ಯಾಕೆ ತಪ್ಪು, ‘ಹೀ ಟೋಲ್ಡ್ ಮೀ’ ಯಾಕೆ ಸರಿ ಅಂತ ಕೇಳಿದ್ದೀರಿ ಅಲ್ವಾ. ಕನ್ನಡದಲ್ಲಿ ಎರಡಕ್ಕೂ ‘ಹೇಳಿದ’ ಒಂದೇ ಸಾಕು, ಅದಕ್ಕೇ ನಮಗೆ ಈ ಗೊಂದಲ ಜಾಸ್ತಿ. ‘ಟೆಲ್’ ಬಂದರೆ ಅದರ ಬೆನ್ನಿಗೇ ಯಾರಿಗೆ ಅನ್ನುವುದು ಬರಬೇಕು: ‘ಟೋಲ್ಡ್ ಮೀ’, ‘ಟೋಲ್ಡ್ ಮೈ ಮದರ್’ (‘ಟೆಲ್ ದ ಟ್ರೂತ್’ ಥರದವು ಬೇರೆ, ಅವು ರೂಢಿಯ ಮಾತು). ‘ಸೇ’ಗೆ ಅದು ಬೇಕಿಲ್ಲ, ಯಾರಿಗೆ ಅಂತ ಹೇಳಲೇಬೇಕಿದ್ದರೆ ನಡುವೆ ‘ಟು’ ಹಾಕಿ. ‘ಎಕ್ಸ್‌ಪ್ಲೇನ್’ ಕೂಡ ಹಾಗೇ, ‘ಎಕ್ಸ್‌ಪ್ಲೇನ್ಡ್ ಇಟ್ ಟು ಮೀ’.

ನಿಜವಾಗಿ ಕಾಡುವುದು ‘ಸಜೆಸ್ಟ್’. ‘ಡಾಕ್ಟರ್ ಸಜೆಸ್ಟೆಡ್ ಮೀ ಟು ವಾಕ್’ ಅಂತ ಚೆನ್ನಾಗಿ ಓದಿದವರೂ ಬರೆಯುತ್ತಾರೆ, ಅದು ತಪ್ಪು. ‘ಸಜೆಸ್ಟೆಡ್ ದಟ್ ಐ ವಾಕ್’ ಅನ್ನಿ, ಇಲ್ಲಾ ‘ಅಡ್ವೈಸ್ಡ್ ಮೀ ಟು ವಾಕ್’ ಅನ್ನಿ.