ಬೇವಿನೆಣ್ಣೆ ಗಿಡಕ್ಕೆ ಸರಿ, ಮಲೇರಿಯಾಗೆ ಅಲ್ಲ

ನಮಸ್ಕಾರ ಮೇಡಂ. ಮುಲುಂಡ್ ಬಾಲ್ಕನಿಯ ದಾಸವಾಳಕ್ಕೆ ಹಿಟ್ಟು ತಿಗಣೆ ಬಿದ್ದಿದೆ, ಬೇವಿನೆಣ್ಣೆ ಸಾಕಾ ಅಂತ ಕೇಳಿದ್ದೀರಿ. ಜೊತೆಗೆ ಮಗನಿಗೆ ವೈವ್ಯಾಕ್ಸ್ ಅನ್ನುವ ಬಗೆಯ ಮಲೇರಿಯಾ, ಅತ್ತೆ ಮಾತ್ರೆ ಬೇಡ, ಬೇವಿನ ಕಷಾಯ ಕೊಡು ಅಂತಿದ್ದಾರೆ ಅಂದಿರಿ.

ಗಿಡದ್ದು ಸುಲಭ. ಒಂದು ಲೀಟರ್ ನೀರಿಗೆ 5 ಮಿಲಿ ಎಣ್ಣೆ, ಸ್ವಲ್ಪ ಲಿಕ್ವಿಡ್ ಸೋಪು. ಎಲೆಯ ಅಡಿಗೂ ಬೀಳುವಂತೆ ಸಂಜೆ ಹೊಡೆಯಿರಿ. ಬೇವಿನಲ್ಲಿರುವ ಅಜಾಡಿರಾಕ್ಟಿನ್ ತಕ್ಷಣ ಕೊಲ್ಲುವುದಿಲ್ಲ, ಹುಳ ಬೆಳೆಯುವುದನ್ನು ತಡೆಯುತ್ತದೆ. ಹಾಗಾಗಿ ವಾರಕ್ಕೊಮ್ಮೆ ಮತ್ತೆ ಹೊಡೆಯಬೇಕು.

ಮಲೇರಿಯಾ ವಿಷಯ ಬೇರೆ. ಗಿಡದಿಂದ ಔಷಧಿ ಬರಲ್ಲ ಅಂತಲ್ಲ. ಮಲೇರಿಯಾದ ಹಳೆಯ ಔಷಧಿ ಕ್ವಿನೈನ್ ಬಂದದ್ದು ಸಿಂಕೋನಾ ಮರದ ತೊಗಟೆಯಿಂದ. ಇನ್ನೊಂದು ಮಲೇರಿಯಾ ಔಷಧಿ ಆರ್ಟೆಮಿಸಿನಿನ್ ಚೀನಾದ ಒಂದು ಮೂಲಿಕೆಯಿಂದ. ಅದಕ್ಕೆ ಚೀನಾದ ವಿಜ್ಞಾನಿ ತು ಯುಯು ಅವರಿಗೆ 2015ರಲ್ಲಿ ನೊಬೆಲ್ ಸಿಕ್ಕಿತು. ಮಜಾ ನೋಡಿ, ಕುದಿಸಿದರೆ ಅದರ ಗುಣ ಹಾಳಾಗುತ್ತಿತ್ತು. ಕಡಿಮೆ ಬಿಸಿಯಲ್ಲಿ ಈಥರ್ ಅನ್ನುವ ದ್ರಾವಕ ಬಳಸಿ ತೆಗೆದ ಮೇಲೇ ಕೆಲಸ ಮಾಡಿತು. ಕಷಾಯದಲ್ಲಿ ಏನು ಉಳಿಯುತ್ತದೆ, ಎಷ್ಟು ಉಳಿಯುತ್ತದೆ ಅಂತ ಅಳೆಯುವವರು ಯಾರು ಹೇಳಿ?

ಇನ್ನೊಂದು, ವೈವ್ಯಾಕ್ಸ್ ಪರಾವಲಂಬಿ ಯಕೃತ್ತಿನಲ್ಲಿ ಅಡಗಿ ಕೂತು ತಿಂಗಳುಗಳ ನಂತರವೂ ಜ್ವರ ತರಿಸಬಲ್ಲದು. ಅದಕ್ಕೇ ಕ್ಲೋರೋಕ್ವಿನ್ ಮುಗಿದರೂ ಪ್ರೈಮಾಕ್ವಿನ್ 14 ದಿನ ಬರೆಯುತ್ತಾರೆ. ಜ್ವರ ಬಿಟ್ಟಿತು ಅಂತ ಸುಮ್ನೆ ನಿಲ್ಲಿಸಬೇಡಿ. ಜಿ6ಪಿಡಿ ಪರೀಕ್ಷೆ ಆಗಿದೆಯಾ ಅಂತ ಡಾಕ್ಟರನ್ನು ಕೇಳಿ; ರಕ್ತದಲ್ಲಿ ಈ ಕಿಣ್ವ ಕಡಿಮೆ ಇದ್ದರೆ ಪ್ರೈಮಾಕ್ವಿನ್ ಕೆಂಪು ರಕ್ತಕಣಗಳನ್ನು ಒಡೆಯಬಹುದು. ಮಾತ್ರೆ ತಗೊಂಡಾಗ ಮೂತ್ರ ಕಪ್ಪಾದರೆ ಕೂಡಲೇ ತೋರಿಸಿ. ಬೇವಿನೆಣ್ಣೆಯನ್ನಂತೂ ಮಗುವಿಗೆ ಕುಡಿಸಲೇಬೇಡಿ, ಅದು ವಿಷವಾಗಬಹುದು. ಅತ್ತೆಯವರಿಗೆ ಕ್ವಿನೈನ್ ಕಥೆ ಹೇಳಿ ನೋಡಿ, ಅದೂ ತೊಗಟೆ ಔಷಧಿನೇ ಅಲ್ವಾ.