ವಿ.ಸೂ.ದಲ್ಲಿದ್ದ ಎದೆಯುರಿ

ಓದುಗರೊಬ್ಬರ ಪತ್ರ: "ರಾತ್ರಿ ಊಟದ ಜೊತೆ ಎರಡೇ ಸಣ್ಣ ಪೆಗ್. ಊಟ ಅರಗುತ್ತೆ, ತಲೆ ಇಟ್ಟ ತಕ್ಷಣ ನಿದ್ದೆ. ಮಿತವಾಗಿ ಕುಡಿದರೆ ತಪ್ಪೇನು? ವಿ.ಸೂ.: ಮೂರು ಗಂಟೆಗೆ ಎಚ್ಚರವಾಗಿ ಎದೆ ಉರಿಯುತ್ತೆ. ವಯಸ್ಸಾಯ್ತು ನೋಡಿ."

ಸ್ವಾಮಿ, ಪತ್ರ ಚೆನ್ನಾಗಿದೆ. ಅಕ್ಷರ ಇನ್ನೂ ಚೆನ್ನಾಗಿದೆ. ಆದರೆ ಹೇಳಬೇಕಾದ ಮುಖ್ಯ ವಿಷಯವನ್ನೇ ವಿ.ಸೂ.ಗೆ ತಳ್ಳಿಬಿಟ್ಟಿದ್ದೀರಿ!

ಎರಡಕ್ಕೇ ನಿಲ್ಲಿಸುವವರು ಅಪರೂಪ, ಒಪ್ಪಿದೆ. ಬೇಗ ನಿದ್ದೆ ಹತ್ತುತ್ತದೆ ಅನ್ನುವುದೂ ಸುಳ್ಳಲ್ಲ. ನಿಮ್ಮ ಪಾಲಿನ ಹೊಗಳಿಕೆ ಇಲ್ಲಿಗೆ ಮುಗಿಯಿತು.

ನಿದ್ದೆ ಹತ್ತುವುದು ಬೇರೆ, ನಿದ್ದೆ ಆಗುವುದು ಬೇರೆ. ಒಂದು ಸಣ್ಣ ಪೆಗ್ ಮುಗಿಸಲು ಲಿವರಿಗೆ ಸುಮಾರು ಒಂದು ಗಂಟೆ ಬೇಕು. ಅಲ್ಲಿಯವರೆಗೆ ಕನಸು ಬೀಳುವ ಆರ್‌ಇಎಂ ನಿದ್ದೆಯನ್ನು ಮದ್ಯ ಅದುಮಿಟ್ಟಿರುತ್ತದೆ. ಅದು ಇಳಿದ ಮೇಲೆ ಉಳಿದ ನಿದ್ದೆ ಚೂರುಚೂರು. ಗಂಟಲಿನ ಸ್ನಾಯು ಸಡಿಲವಾಗಿ ಗೊರಕೆ ಬೇರೆ (ಮನೆಯವರನ್ನು ಕೇಳಿ). ಅನ್ನನಾಳ ಹೊಟ್ಟೆಯನ್ನು ಸೇರುವ ಕಡೆ ಬಾಗಿಲಿನ ಹಾಗೆ ಒಂದು ಸ್ನಾಯು ಇದೆ. ಮದ್ಯಕ್ಕೆ ಅದೂ ಸಡಿಲ. ನೀವೋ ಅಡ್ಡಾಗಿದ್ದೀರಿ, ಆಮ್ಲ ಮೇಲೆ ಬರುತ್ತದೆ. ನಿದ್ದೆಯಲ್ಲಿ ಎಂಜಲು ನುಂಗುವುದು ಕಡಿಮೆ, ಹಾಗಾಗಿ ಬಂದ ಆಮ್ಲ ಅಲ್ಲೇ ಕೂರುತ್ತದೆ. ವಯಸ್ಸನ್ನು ಸುಮ್ನೆ ಯಾಕೆ ಬೈತೀರಿ?

ಇದು ಬರೀ ಓದಿದ ಮಾತಲ್ಲ. ಸಂಚಿಕೆ ಕಟ್ಟುವ ರಾತ್ರಿಗಳಲ್ಲಿ ನಾನೂ ಒಂದು ಕಾಲದಲ್ಲಿ ಎರಡು ಹಾಕಿ ಮಲಗುತ್ತಿದ್ದೆ. ಮೂರಕ್ಕೆ ಎದ್ದು, ಎರಡು ದಿಂಬಿಗೆ ಒರಗಿ, ಗಂಟಲಿಗೆ ಬಂದ ಹುಳಿ ನುಂಗುತ್ತಾ ಕರಡು ತಿದ್ದುತ್ತಿದ್ದೆ. ಆ ವರ್ಷದ ಅಚ್ಚಿನ ತಪ್ಪುಗಳು ಹಳೇ ಓದುಗರಿಗೆ ನೆನಪಿರಬಹುದು.

ಇನ್ನು "ಮಿತವಾದರೆ ಒಳ್ಳೆಯದು" ಅನ್ನುವ ಮಾತು. ಕೊಬ್ಬು ತಿಂದರೂ ಫ್ರೆಂಚರಿಗೆ ಹೃದ್ರೋಗ ಕಡಿಮೆ, ವೈನ್ ಕಾರಣವಿರಬಹುದು ಎಂದು 1992ರಲ್ಲಿ ಫ್ರಾನ್ಸಿನ ವಿಜ್ಞಾನಿ ಸೆರ್ಜ್ ರೆನೋ ಬರೆದರು. ಪತ್ರಿಕೆಗಳು ಹಬ್ಬ ಮಾಡಿದವು, ನಾವೂ ಸೇರಿ. ಇಂಥ ಎಷ್ಟೋ ಅಧ್ಯಯನಗಳಲ್ಲಿ ಕಾಯಿಲೆ ಬಿದ್ದು ಕುಡಿತ ಬಿಟ್ಟವರೂ "ಕುಡಿಯದವರ" ಲೆಕ್ಕಕ್ಕೆ ಸೇರಿದ್ದರು. ಪಕ್ಕದಲ್ಲಿಟ್ಟರೆ ಕುಡಿಯುವವರು ಗಟ್ಟಿಮುಟ್ಟಾಗಿ ಕಾಣದೆ ಇರುತ್ತಾರೆಯೇ? 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಇಷ್ಟು ಕುಡಿದರೆ ಅಪಾಯವಿಲ್ಲ ಅನ್ನುವ ಪ್ರಮಾಣವೇ ಇಲ್ಲ ಎಂದಿತು. ಅದು ಯಾರ ಮುಖಪುಟಕ್ಕೂ ಬೇಕಾಗಲಿಲ್ಲವೇನೋ.

ನನ್ನ ಸಿಟ್ಟು ಪೆಗ್ಗಿನ ಮೇಲಲ್ಲ, ನಿದ್ದೆಗೆ ಮರ್ಯಾದೆ ಇಲ್ಲವಲ್ಲ, ಅದರ ಮೇಲೆ. ದೊಡ್ಡವರಿಗೆ ಏಳು ಗಂಟೆಯಾದರೂ ನಿದ್ದೆ ಬೇಕು. ಆದರೆ "ನಾಲ್ಕೇ ಗಂಟೆ ಮಲಗ್ತೀನಿ" ಅನ್ನುವವನಿಗೆ ಚಪ್ಪಾಳೆ. ರಾತ್ರಿ ಹನ್ನೊಂದಕ್ಕೆ ಮೆಸೇಜ್ ಕಳಿಸುವ ಬಾಸ್ ಶ್ರದ್ಧಾವಂತ! ಅವನಿಂದ ಕೆಟ್ಟ ನಿದ್ದೆಗೆ ಪೆಗ್, ಪೆಗ್ಗಿನ ಮಂಪರಿಗೆ ಕಾಫಿ, ಕಾಫಿಯ ಹೊಟ್ಟೆಯುರಿಗೆ ಮಾತ್ರೆ.

ಹದಿನೈದು ದಿನ ಗ್ಲಾಸು ತೊಳೆದು ಬೋರಲು ಹಾಕಿ. ಮಲಗುವ ಮೂರು ಗಂಟೆ ಮೊದಲೇ ಊಟ ಮುಗಿಸಿ, ಎಡ ಮಗ್ಗುಲಿಗೆ ಮಲಗಿ. ಆಮೇಲೂ ಉರಿ ಹೋಗದಿದ್ದರೆ ವೈದ್ಯರ ಹತ್ತಿರ ಹೋಗಿ. ಅವರಿಗೂ ಕೊನೆಯಲ್ಲಿ ಹೇಳಬೇಡಿ.