ಆಟದಂಗಳ: ಊರಿನ ಕ್ಲಬ್ಬೋ, ಕೌಂಟಿಯೋ?

ಪ್ರಶ್ನೆ: ನನ್ನ ಮಗಳು ಐರ್ಲೆಂಡಿನ ಗಾಲ್ವೇಯಲ್ಲಿ ನರ್ಸ್. ಮೊಮ್ಮಗ ಹುಟ್ಟಿದ್ದೇ ಅಲ್ಲಿ. ಈಗ 16 ವರ್ಷ. ಹರ್ಲಿಂಗ್ ಎಂಬ ಅಲ್ಲಿನ ಆಟವನ್ನು ಚಿಕ್ಕಂದಿನಿಂದ ಊರಿನ ಕ್ಲಬ್ಬಿನಲ್ಲಿ ಆಡುತ್ತಿದ್ದಾನೆ. ಈ ವರ್ಷ ಕೌಂಟಿಯ (ಅಲ್ಲಿನ ಜಿಲ್ಲೆ ಇದ್ದ ಹಾಗೆ) ಮೈನರ್, ಅಂದರೆ ಹದಿಹರೆಯದವರ ತಂಡಕ್ಕೆ ಆಯ್ಕೆಯಾದ. ಅಂದಿನಿಂದ ಮನೆಯಲ್ಲಿ ನೆಮ್ಮದಿ ಇಲ್ಲ. ಕ್ಲಬ್ಬಿನವರು ಮ್ಯಾಚಿಗೆ ಬಾ ಅನ್ನುತ್ತಾರೆ. ಕೌಂಟಿಯ ಕೋಚ್ ಈ ವಾರ ಆಡಬೇಡ, ರೆಸ್ಟ್ ತಗೋ ಅನ್ನುತ್ತಾರೆ. ಕ್ಲಬ್ಬಿನ ಕೆಲವರು ಮಗಳ ಹತ್ತಿರ ಮಾತೇ ಬಿಟ್ಟಿದ್ದಾರಂತೆ. ಹುಡುಗ ಯಾರ ಮಾತು ಕೇಳಬೇಕು?
— ಒಬ್ಬ ಅಜ್ಜಿ, ಕಟಪಾಡಿ

ಉತ್ತರ: ಅಮ್ಮಾ, ಇದು ನಿಮ್ಮ ಮೊಮ್ಮಗನ ಜಗಳವೇ ಅಲ್ಲ. ಇಬ್ಬರು ದೊಡ್ಡವರು ಫೋನಿನಲ್ಲಿ ಮಾತಾಡಿ ಮುಗಿಸಬೇಕಾದದ್ದನ್ನು 16ರ ಹುಡುಗನ ತಲೆಗೆ ಕಟ್ಟಿದ್ದಾರೆ. ನನಗೆ ಸಿಟ್ಟು ಬರುವುದು ಅಲ್ಲಿ.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಕಾರ್ಕ್ ಕಡೆ ಕೆಲಸದಲ್ಲಿದ್ದಾಳೆ. ಅವಳಿಂದಾಗಿ ನನಗೆ ಈ ಆಟದ ಹುಚ್ಚು ಹಿಡಿಯಿತು. ಒಂದೊಂದು ಕಡೆ 15 ಜನ, ಕೈಯಲ್ಲಿ ಮರದ ಕೋಲು, ಗಾಳಿಯಲ್ಲಿ ಗುಂಡಿನಂತೆ ಹಾರುವ ಚಿಕ್ಕ ಚೆಂಡು. ಚೆಂಡು ಕಂಬಗಳ ನಡುವೆ ಅಡ್ಡಪಟ್ಟಿಯ ಮೇಲಿಂದ ಹೋದರೆ ಒಂದು ಪಾಯಿಂಟ್, ಕೆಳಗಿನ ಬಲೆಗೆ ಬಿದ್ದರೆ ಮೂರು. ಹರ್ಲಿಂಗ್, ಅಲ್ಲಿನದೇ ಇನ್ನೊಂದು ಆಟ ಗೇಲಿಕ್ ಫುಟ್‌ಬಾಲ್ ಎರಡನ್ನೂ ನಡೆಸುವುದು ಜಿಎಎ (ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್) ಎಂಬ ಸಂಘ. 1884ರಲ್ಲಿ ಥರ್ಲಸ್ ಎಂಬ ಪೇಟೆಯ ಒಂದು ಹೋಟೆಲಿನಲ್ಲಿ ಕೆಲವೇ ಜನ ಸೇರಿ ಶುರು ಮಾಡಿದ್ದು.

ಕ್ಲಬ್ಬಿನವರ ಸಿಟ್ಟು ಎಲ್ಲಿಂದ ಬರುತ್ತದೆ ಎಂದು ನೋಡಬೇಕು. ನಮ್ಮ ಕಡೆ ಒಂದು ಇಗರ್ಜಿಗೆ ಸೇರಿದ ಊರು ಎನ್ನುತ್ತೇವಲ್ಲ, ಸಾಧಾರಣವಾಗಿ ಅಲ್ಲಿ ಒಂದು ಕ್ಲಬ್ಬಿನ ವ್ಯಾಪ್ತಿ ಅಷ್ಟೇ. ಹುಟ್ಟಿ ಬೆಳೆದ ಊರಿನ ಕ್ಲಬ್ಬಿಗೇ ಆಡುವುದು. ಬೇರೆ ಕ್ಲಬ್ಬಿಗೆ ಹೋಗುವುದು ಸುಲಭವಲ್ಲ. ನಮ್ಮಲ್ಲಿ ಒಳ್ಳೆಯ ಕಬಡ್ಡಿ ರೈಡರ್ ಒಬ್ಬ ಶನಿವಾರ ಒಂದು ತಂಡಕ್ಕೆ, ಭಾನುವಾರ ಇನ್ನೊಂದಕ್ಕೆ ಆಡಿ ದುಡ್ಡು ತೆಗೆದುಕೊಂಡು ಹೋಗುತ್ತಾನೆ. ಅಲ್ಲಿ ಆ ಮಾತೇ ಇಲ್ಲ. ಹುಡುಗನಿಗೆ ಕೋಲು ಹಿಡಿಯಲು ಕಲಿಸಿದವರು, ಮಳೆಯಲ್ಲಿ ನಿಂತು ಚೆಂಡು ಹೆಕ್ಕಿ ಕೊಟ್ಟವರು ಅಕ್ಕಪಕ್ಕದ ಮನೆಯವರು. ಅವರಿಗೆ ಸಂಬಳವಿಲ್ಲ. ಅಂಥವರ ಕೈಯಿಂದ ವರ್ಷದ ದೊಡ್ಡ ಮ್ಯಾಚಿನ ಹೊತ್ತಿಗೆ ಹುಡುಗನನ್ನು ಕೌಂಟಿ ಎತ್ತಿಕೊಂಡು ಹೋದರೆ ಬೇಸರ ಆಗದೆ ಇರುತ್ತದಾ? ಆಗಲೇಬೇಕು.

ದೊಡ್ಡವರ ಆಟದಲ್ಲೂ ಈ ಗೋಳು ಬಹಳ ಕಾಲ ಇತ್ತು. ಹಿಂದೆಲ್ಲ ಕೌಂಟಿಗಳ ಆಲ್ ಐರ್ಲೆಂಡ್ ಫೈನಲ್ ಸೆಪ್ಟೆಂಬರ್‌ನಲ್ಲಿ. ಅಲ್ಲಿಯವರೆಗೆ ಕ್ಲಬ್ಬಿನವರು ಕಾದು ಕೂರಬೇಕು. ವಸಂತದಲ್ಲಿ ಒಂದು ಮ್ಯಾಚ್ ಆಡಿದರೆ ಮುಂದಿನದು ಯಾವಾಗ ಎಂದು ಯಾರಿಗೂ ಗೊತ್ತಿಲ್ಲ. ಕೌಂಟಿ ತಂಡ ಗೆಲ್ಲುತ್ತಾ ಹೋದಷ್ಟೂ ಕ್ಲಬ್ ಮ್ಯಾಚ್ ಮುಂದಕ್ಕೆ. ಮದುವೆಗೆ ದಿನ ಇಡುವ ಹಾಗಿಲ್ಲ, ರಜೆಗೆ ಟಿಕೆಟ್ ಮಾಡುವ ಹಾಗಿಲ್ಲ. ಕೊನೆಗೆ 2017ರಲ್ಲಿ ಕ್ಲಬ್ ಆಟಗಾರರೇ ತಮ್ಮದೊಂದು ಸಂಘ ಕಟ್ಟಿ, ಮೊದಲು ತಾರೀಕು ಸರಿ ಮಾಡಿ ಎಂದು ಪಟ್ಟು ಹಿಡಿದರು. 2022ರಿಂದ ವರ್ಷವನ್ನೇ ಎರಡು ಪಾಲು ಮಾಡಿದ್ದಾರೆ. ಮೊದಲ ಪಾಲು ಕೌಂಟಿಗೆ, ಜುಲೈಯಲ್ಲಿ ಫೈನಲ್ ಮುಗಿಯುತ್ತದೆ. ಆಮೇಲೆ ಆಟಗಾರರು ತಮ್ಮ ತಮ್ಮ ಕ್ಲಬ್ಬಿಗೆ. ತಾವು ಕೇಳಿದ್ದು ಸಿಕ್ಕಿತು ಎಂದು ಆ ಸಂಘ ತನ್ನನ್ನು ತಾನೇ ಮುಚ್ಚಿಕೊಂಡಿತು. ಇದು ನನಗೆ ತುಂಬಾ ಹಿಡಿಸಿದ ವಿಷಯ. ಒಬ್ಬ ಆಟಗಾರನನ್ನೂ ದ್ರೋಹಿ ಅನ್ನದೆ ಜಗಳ ಇಳಿಯಿತು, ಕ್ಯಾಲೆಂಡರ್ ಬದಲಾದದ್ದಷ್ಟೇ.

ಆದರೆ 16ರವರಿಗೆ ಇಷ್ಟರಿಂದ ಸಾಲದು. ಅವರಿಗೆ ಶಾಲೆಯ ತಂಡ ಒಂದು, ಕ್ಲಬ್ ಒಂದು, ಕೌಂಟಿ ಒಂದು. ಪ್ರತಿಯೊಬ್ಬ ಕೋಚ್‌ಗೂ ತನ್ನ ಎರಡು ಪ್ರಾಕ್ಟೀಸ್ ಮಾತ್ರ ಕಾಣುತ್ತದೆ. ಒಟ್ಟು ಆರು ಸಂಜೆ ಓಡುವುದು ಒಂದೇ ಜೊತೆ ಮೊಣಕಾಲು. ಸುರತ್ಕಲ್ ಕಡೆಯ ಶಾಲೆಯಲ್ಲಿ ಪಿ.ಟಿ. ಮೇಷ್ಟ್ರಾಗಿದ್ದಾಗ ಇಂಥ ಮಕ್ಕಳನ್ನು ನೋಡಿದ್ದೇನೆ. ಹಗಲು ಶಾಲೆಯ ಕಬಡ್ಡಿ, ರಾತ್ರಿ ಟ್ಯೂಬ್‌ಲೈಟಿನ ಕೆಳಗೆ ಯುವಕ ಮಂಡಲದ ಕಬಡ್ಡಿ. ಇಪ್ಪತ್ತು ತುಂಬುವ ಮೊದಲೇ ಮೊಣಕಾಲಿಗೆ ಬೆಲ್ಟ್ ಕಟ್ಟಿಕೊಂಡವರಿದ್ದರು.

ಹಾಗಾಗಿ ಮಗಳಿಗೆ ಹೀಗೆ ಹೇಳಿ. ಮೂವರು ಕೋಚ್‌ಗಳಿಗೂ ಒಂದೇ ಮೆಸೇಜ್ ಕಳಿಸಲಿ. ಅದರಲ್ಲಿ ಹುಡುಗನ ಇಡೀ ವಾರ ಇರಲಿ: ಯಾವ ದಿನ ಎಲ್ಲಿ ಪ್ರಾಕ್ಟೀಸ್, ಎಲ್ಲಿ ಮ್ಯಾಚ್, ಯಾವ ದಿನ ರೆಸ್ಟ್. ಕೌಂಟಿ ಕೋಚ್ ಆಡಬೇಡ ಎಂದರೆ, ಕ್ಲಬ್ಬಿನ ಕೋಚ್‌ಗೆ ಅವರೇ ಫೋನ್ ಮಾಡಿ ತಿಳಿಸಲಿ. ಹುಡುಗನ ಬಾಯಿಂದ ಹೇಳಿಸುವುದು ಬೇಡ. ಆಡದ ದಿನವೂ ಅವನು ಕ್ಲಬ್ಬಿನ ಮ್ಯಾಚಿಗೆ ಹೋಗಲಿ. ನೀರಿನ ಬಾಟಲಿ ಹೊರಲಿ, ಚಿಕ್ಕ ಮಕ್ಕಳಿಗೆ ಚೆಂಡು ಎಸೆಯಲಿ. ಊರಿನವರು ನೋಡುತ್ತಿರುತ್ತಾರೆ.

ಯಾವುದು ದೊಡ್ಡದು ಎಂದು ನೀವು ಒತ್ತಿ ಕೇಳಿದರೆ ನಾನು ಕ್ಲಬ್ ಎನ್ನುತ್ತೇನೆ. ಅದೇ ಗಾಲ್ವೇ ಕೌಂಟಿಯ ಹರ್ಲಿಂಗ್ ಆಟಗಾರ ಜೋ ಕ್ಯಾನಿಂಗ್ ಅವರನ್ನು ನೋಡಿ. 2004, 2005ರಲ್ಲಿ ಕೌಂಟಿ ಮೈನರ್ ತಂಡದಲ್ಲಿ ಆಲ್ ಐರ್ಲೆಂಡ್ ಗೆದ್ದವರು. ತಮ್ಮ ಊರು ಪೋರ್ಟಮ್ನಾದ ಕ್ಲಬ್ಬಿನ ಜೊತೆ 2006, 2008, 2009, 2014ರಲ್ಲಿ ಆಲ್ ಐರ್ಲೆಂಡ್ ಕ್ಲಬ್ ಪಟ್ಟ. ಗಾಲ್ವೇ ಸೀನಿಯರ್ ತಂಡಕ್ಕೆ ಪಟ್ಟ ಸಿಕ್ಕಿದ್ದು 2017ರಲ್ಲಿ, 1988ರ ನಂತರ ಮೊದಲ ಸಲ. 2021ರಲ್ಲಿ ಅವರು ಕೌಂಟಿ ಆಟ ಬಿಟ್ಟರು, ಕ್ಲಬ್ ಬಿಡಲಿಲ್ಲ. ಕೌಂಟಿ ಕೆಲವು ವರ್ಷದ್ದು. ಅದಕ್ಕೇ ಕರೆದಾಗ ಹೋಗಬೇಕು, ಆ ಅವಕಾಶ ತಪ್ಪಿದರೆ ಮತ್ತೆ ಬರಲಿಕ್ಕಿಲ್ಲ. ಕ್ಲಬ್ ಕಾಯುತ್ತದೆ. ಕಾಯುವವರಿಗೆ ಮರ್ಯಾದೆ ಕೊಡಬೇಕು, ಅಲ್ವಾ?

ಪ್ರಶ್ನೆ: ಈ ಐರಿಷ್ ಆಟಗಾರರಿಗೆ ಎಷ್ಟು ದುಡ್ಡು ಸಿಗುತ್ತದೆ?
— ಕಾಲೇಜು ವಿದ್ಯಾರ್ಥಿ, ಕಂಕನಾಡಿ

ಉತ್ತರ: ಆಡಿದ್ದಕ್ಕೆ ಸಂಬಳ ಇಲ್ಲ. ಡಬ್ಲಿನ್ನಿನ ಕ್ರೋಕ್ ಪಾರ್ಕಿನಲ್ಲಿ 82,000ಕ್ಕೂ ಜಾಸ್ತಿ ಜನರ ಮುಂದೆ ಭಾನುವಾರ ಫೈನಲ್ ಆಡಿದವರು ಮೇಷ್ಟ್ರೋ, ರೈತರೋ, ಬ್ಯಾಂಕಿನವರೋ ಆಗಿರುತ್ತಾರೆ. ಪ್ರಯಾಣದ ಖರ್ಚು ಕೊಡುತ್ತಾರೆ. ಹೆಸರಿನಿಂದ ಜಾಹೀರಾತು ಸಿಕ್ಕಿದರೆ ಅದು ಬೇರೆ. ದುಡ್ಡು ಕೊಟ್ಟು ಕರೆಯುವ ಹಾಗಿದ್ದರೆ ಚಿಕ್ಕ ಊರಿನ ಕ್ಲಬ್ಬುಗಳು ಯಾವತ್ತೋ ಖಾಲಿಯಾಗುತ್ತಿದ್ದವು ಎಂದು ನನಗೆ ಅನಿಸುತ್ತದೆ.

ಪ್ರಶ್ನೆ: ನಮ್ಮ ಯುವಕ ಮಂಡಲದ ಮುಖ್ಯ ರೈಡರ್ ಜಿಲ್ಲಾ ಕ್ಯಾಂಪಿಗೆ ಆಯ್ಕೆಯಾಗಿದ್ದಾನೆ. ಅದೇ ವಾರ ನಮ್ಮ ವಾರ್ಷಿಕ ಕಬಡ್ಡಿ ಪಂದ್ಯಾಟ. ಬರದಿದ್ದರೆ ಸದಸ್ಯತ್ವ ತೆಗೆಯುತ್ತೇವೆ ಎಂದು ಕಮಿಟಿಯವರು ಹೇಳುತ್ತಿದ್ದಾರೆ. ಸರಿಯೇ?
— ಕಾರ್ಯದರ್ಶಿ, ಕಿನ್ನಿಗೋಳಿ

ಉತ್ತರ: ಖಂಡಿತ ಸರಿಯಲ್ಲ ಮಾರಾಯ್ರೇ. ಜಿಲ್ಲೆಯ ಅಂಗಿ ಹಾಕಿಕೊಂಡು ಆಡುವಾಗ ಅವನ ಹೆಸರಿನ ಜೊತೆ ನಿಮ್ಮ ಮಂಡಲದ ಹೆಸರೂ ಹೋಗುತ್ತದೆ. ಅವನನ್ನು ಕಳಿಸಿಕೊಡಿ. ಅವನ ಜಾಗಕ್ಕೆ ಹೊರಗಿನಿಂದ ದುಡ್ಡು ಕೊಟ್ಟು ಯಾರನ್ನೂ ತರಬೇಡಿ, ಬೆಂಚಿನಲ್ಲಿ ಕೂತಿರುವ ನಿಮ್ಮದೇ ಹುಡುಗನನ್ನು ಇಳಿಸಿ. ಮುಂದಿನ ವರ್ಷ ಫ್ಲಡ್‌ಲೈಟ್, ಶಾಮಿಯಾನ ಬುಕ್ ಮಾಡುವ ಮೊದಲು ಜಿಲ್ಲಾ ಸಂಸ್ಥೆಯಿಂದ ಕ್ಯಾಂಪಿನ ತಾರೀಕು ಬರಹದಲ್ಲಿ ಕೇಳಿ ಪಡೆಯಿರಿ. ಅಕ್ಕಪಕ್ಕದ ನಾಲ್ಕು ಮಂಡಲದವರು ಸೇರಿ ಕೇಳಿದರೆ ಬೇಗ ಕೊಡುತ್ತಾರೆ.